ನಾನೂರು ಕಾಳಿನ ಅತ್ತಿಗೆ

ನನ್ನ ಅತ್ತಿಗೆಗೆ ಯಾವುದನ್ನೂ ಒಂದು ಸಲ ನೋಡಿ ನಂಬುವ ಅಭ್ಯಾಸವಿಲ್ಲ. ನಾನೂರು ಸಲ ನೋಡಬೇಕು. ಇದು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ, ಅವರ ನೌಕರಿಯೇ ಅದು. ಬೀಜ ಬೆಳೆಗಾರರ ಸಂಘದ ಪರೀಕ್ಷಾ ಕೊಠಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೂತು ಸೋಯಾ ಅವರೆಯ ಕಾಳು ಎಣಿಸುತ್ತಿದ್ದಾರೆ. ಬೆಳೆಗಾರ ಐವತ್ತು ಮೂಟೆ ಬೆಳೆದಿರಲಿ, ಐನೂರು ಮೂಟೆ ಬೆಳೆದಿರಲಿ, ಅವನ ಹಣೆಬರಹ ತೀರ್ಮಾನವಾಗುವುದು ಅತ್ತಿಗೆಯ ಕೈಗೆ ಸಿಕ್ಕ ನಾನೂರು ಕಾಳುಗಳಲ್ಲಿ. ಹಾಗಾಗಿ ಸಂಘದಲ್ಲಿ ಅವರಿಗೆ ನಾನೂರಮ್ಮ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಅವರಿಗೆ ಗೊತ್ತಿದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿದೆ.

ಕೊಠಡಿ ಇರುವುದು ಗೋದಾಮಿನ ಹಿಂಬದಿಯಲ್ಲಿ, ತೂಕದ ಯಂತ್ರ ದಾಟಿ ಎಡಕ್ಕೆ. ಹಸಿರು ಬಾಗಿಲು. ಮೂಟೆ ಹೊರುವವರು ತಾಗಿಸಿ ತಾಗಿಸಿ ಅದರ ಬಣ್ಣ ಸೊಂಟದ ಎತ್ತರದಲ್ಲಿ ಮಾತ್ರ ಹೋಗಿದೆ. ಒಳಗೆ ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಐವತ್ತು ತೂತಿನ ಒಂದು ಹಲಗೆ. ಅದನ್ನು ಕಾಳಿನ ರಾಶಿಯಲ್ಲಿ ಅದ್ದಿ ಅಲುಗಾಡಿಸಿದರೆ ತೂತಿಗೊಂದರಂತೆ ಐವತ್ತು ಕಾಳು ಬಂದು ಕೂರುತ್ತವೆ. ಯಾರು ಕೂರಬೇಕು ಎಂದು ಅತ್ತಿಗೆ ಆರಿಸುವಂತಿಲ್ಲ. ಕೂತವರನ್ನು ಒದ್ದೆ ಕಾಗದದ ಮೇಲೆ ಸಾಲಾಗಿ ಮಲಗಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಬೆಚ್ಚನೆಯ ಬೀರುವಿನಲ್ಲಿ ನಿಲ್ಲಿಸುವುದು. ಅಂಥ ಎಂಟು ಸುರುಳಿ ಸೇರಿದರೆ ಒಂದು ಮಾದರಿ. ಎಂಟನೆಯ ದಿನ ಬಿಚ್ಚಿ ಎಣಿಸಬೇಕು. ನೂರಕ್ಕೆ ಎಪ್ಪತ್ತು ಸರಿಯಾಗಿ ಮೊಳೆತಿದ್ದರೆ ಅದು ಬೀಜ. ಅರವತ್ತೊಂಬತ್ತು ಮೊಳೆತಿದ್ದರೆ ಅದು ಎಣ್ಣೆ ಮಿಲ್ಲಿಗೆ ಹೋಗುವ ಸರಕು.

ಇದರ ಜೊತೆಗೆ ಇನ್ನೊಂದಷ್ಟು ಕಾಳನ್ನು ಮುಚ್ಚಳದ ತಟ್ಟೆಗಳಲ್ಲಿ, ಒದ್ದೆ ಬ್ಲಾಟಿಂಗ್ ಪೇಪರಿನ ಮೇಲೆ ಬೇರೆಯಾಗಿ ಇಡುತ್ತಾರೆ. ಅದು ಬೂಷ್ಟು ಬೆಳೆಸುವುದಕ್ಕೆ. ನಾವೆಲ್ಲ ಮನೆಯಲ್ಲಿ ಬೂಷ್ಟು ಬಂದ ವಸ್ತುವನ್ನು ಮೂಗು ಮುಚ್ಚಿಕೊಂಡು ಎಸೆಯುತ್ತೇವೆ. ಅತ್ತಿಗೆ ಅದಕ್ಕೆ ಹಗಲು ಇಷ್ಟು ಗಂಟೆ ಬೆಳಕು, ಇಷ್ಟು ಗಂಟೆ ಕತ್ತಲೆ ಎಂದು ಲೆಕ್ಕ ಹಾಕಿ ಬಾಣಂತನ ಮಾಡುತ್ತಾರೆ. ಏಳು ದಿನ ಸಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಇದು ಯಾವ ಮನೆತನದ ಬೂಷ್ಟು ಎಂದು ಹೇಳುತ್ತಾರೆ. ಕಾಳಿನೊಳಗೆ ಏಳೆಂಟು ಬಗೆಯ ಬೂಷ್ಟು ಮನೆ ಮಾಡಬಹುದಂತೆ. ಕೆಲವು ಮುಖದ ಮೇಲೇ ಬರೆದುಕೊಂಡಿರುತ್ತವೆ. ಕೆಲವು ಒಳಗೆ ಕೂತು ಸದ್ದಿಲ್ಲದೆ ತಿನ್ನುತ್ತವೆ.

ಇಂಥ ಕೆಲಸ ಮಾಡುವವರು ಸಂಜೆ ಐದೂವರೆಗೆ ಕೈ ತೊಳೆದ ಕೂಡಲೇ ಬೇರೆ ಮನುಷ್ಯರಾಗುತ್ತಾರೆ ಎಂದು ನಂಬಲು ಸಾಧ್ಯವಿಲ್ಲ. ನನಗೆ ಹೆಣ್ಣು ನೋಡಲು ಹೋದಾಗ ಅತ್ತಿಗೆ ಎರಡು ಗಂಟೆ ಸುಮ್ಮನೆ ಕೂತಿದ್ದರು. ಹೊರಗೆ ಬಂದ ಮೇಲೆ ಮನೆಯವರೆಲ್ಲ ಸುತ್ತ ನಿಂತು ಹೇಗಿದ್ದಾಳೆ ಎಂದು ಕೇಳಿದರು. ಹುಡುಗಿ ಗಟ್ಟಿ ಕಾಳು, ನಮ್ಮವನಲ್ಲೇ ತೇವ ಸ್ವಲ್ಪ ಜಾಸ್ತಿ ಎಂದರು. ಆ ಮಾತು ಹೇಗೋ ಹುಡುಗಿಯ ಕಿವಿಗೂ ಬಿತ್ತು. ಹತ್ತೊಂಬತ್ತು ವರ್ಷವಾಯಿತು, ನಾನು ಯಾವ ಕೆಲಸ ತಡಮಾಡಿದರೂ ನನ್ನ ಹೆಂಡತಿ ಇನ್ನೂ ಒಣಗಲಿಲ್ಲವಾ ಎಂದು ಕೇಳುತ್ತಾಳೆ.

ಇನ್ನು ನನ್ನ ಅಣ್ಣ. ಅವನು ಗಡಿಯಾರ ರಿಪೇರಿ ಮಾಡುತ್ತಿದ್ದವನು. ಮೂರಡಿ ಅಗಲದ ಅಂಗಡಿಯಲ್ಲಿ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮೂವತ್ತು ವರ್ಷ ಕೂತ. ಜನ ಸಮಯವನ್ನು ಫೋನಿನಲ್ಲಿ ನೋಡಲು ಶುರುಮಾಡಿದ ಮೇಲೆ ಅಂಗಡಿಗೆ ಬರುವವರು ದಾರಿ ಕೇಳುವವರು ಮಾತ್ರ ಆದರು. ಎರಡು ವರ್ಷದ ಹಿಂದೆ ಬಾಗಿಲು ಹಾಕಿದ. ಹನ್ನೊಂದು ಗಡಿಯಾರಗಳನ್ನು ಮನೆಗೆ ತಂದ. ಅವೆಲ್ಲ ಒಂದೇ ಕ್ಷಣದಲ್ಲಿ ಗಂಟೆ ಹೊಡೆಯುತ್ತವೆ. ಅಣ್ಣನ ಪ್ರಕಾರ ಅದು ಸಂಗೀತ, ಅತ್ತಿಗೆಯ ಪ್ರಕಾರ ಮಾದರಿಯ ಅಳತೆ ಅಗತ್ಯಕ್ಕಿಂತ ದೊಡ್ಡದು.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅತ್ತಿಗೆ ಅಣ್ಣನ ಯಾವ ಕೆಲಸವನ್ನೂ ಪಾಸು ಮಾಡಿದ್ದನ್ನು ನಾನು ಕಂಡಿಲ್ಲ. ಅವನು ಮಡಚಿದ ಹೊದಿಕೆಯನ್ನು ಮತ್ತೆ ಬಿಚ್ಚಿ ಮಡಚುತ್ತಾರೆ. ಅವನು ಮಾಡಿದ ಚಹಾ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಕುಡಿಯಬಹುದು ಎನ್ನುತ್ತಾರೆ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಅಂಕ ಇಲ್ಲ. ಜಗಳ ಎಂದು ತಿಳಿಯಬೇಡಿ. ಒಬ್ಬರನ್ನು ಬಿಟ್ಟು ಒಬ್ಬರಿಗೆ ಊಟ ಇಳಿಯುವುದಿಲ್ಲ. ಆದರೆ ಅಂಕದ ವಿಷಯ ಬೇರೆ.

ಅಂಗಡಿ ಮುಚ್ಚಿದ ಅಣ್ಣ ನಮ್ಮ ದೊಡ್ಡಪ್ಪನ ಮಗನ ಮೂರು ಎಕರೆ ಗುತ್ತಿಗೆಗೆ ಹಿಡಿದು ಸೋಯಾ ಬೆಳೆಯುತ್ತೇನೆ ಎಂದಾಗ ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದ.

“ಮಿಲ್ಲಿಗೆ ಹಾಕೋ ಕಾಳು ಯಾರು ಬೇಕಾದ್ರೂ ಬೆಳೀತಾರೆ ಕಣೋ. ನಾನು ಬೆಳೆದದ್ದು ಬೀಜ ಅಂತ ಅವಳ ಕೈಯಲ್ಲಿ ಬರೆಸ್ಕೋಬೇಕು. ಅಷ್ಟೇ ನನಗೆ ಬೇಕಾಗಿರೋದು.”

ಅಂದಿನಿಂದ ಅವನ ಹೊಲ ನೋಡಲು ಜನ ಸೈಕಲ್ ನಿಲ್ಲಿಸುತ್ತಿದ್ದರು. ಗಿಡದಿಂದ ಗಿಡಕ್ಕೆ ಅಳತೆಪಟ್ಟಿ ಹಿಡಿದು ಬಿತ್ತಿದ್ದ. ಕಳೆ ಕೀಳುವಾಗ ಕಣ್ಣಿಗೆ ಮಸೂರ ಇತ್ತು ಎಂದು ದೊಡ್ಡಪ್ಪನ ಮಗ ಹೇಳುತ್ತಾನೆ, ಅವನ ಮಾತಿನಲ್ಲಿ ಅರ್ಧ ಕಳೆಯಬೇಕು. ಬೆಳೆ ಮಾತ್ರ ಚೆನ್ನಾಗಿ ಬಂತು. ಎಲೆ ಉದುರಿ ಕಾಯಿ ಒಣಗಿದಾಗ ಅಕ್ಕಪಕ್ಕದವರು ಕೊಯ್ದು ಮುಗಿಸಿದರು. ಅಣ್ಣ ಕೊಯ್ಯಲಿಲ್ಲ. ಕೆಲವು ಕಾಯಿ ಇನ್ನೂ ಕಂದು ಬಣ್ಣಕ್ಕೆ ತಿರುಗಿಲ್ಲ, ಎಲ್ಲವೂ ಒಂದೇ ಹದಕ್ಕೆ ಬರಲಿ ಎಂದು ಕಾದ. ಹನ್ನೊಂದು ಗಡಿಯಾರಕ್ಕೆ ಒಂದೇ ಸಲ ಗಂಟೆ ಹೊಡೆಸಿದವನಿಗೆ ಮೂರು ಎಕರೆ ಕಾಯಿಗೂ ಅದನ್ನೇ ಕಲಿಸುವ ಆಸೆ. ಎಂಟು ದಿನ ಕಾದ. ಅದರಲ್ಲಿ ನಾಲ್ಕು ದಿನ ಮಳೆ ಸುರಿಯಿತು. ಆಮೇಲೆ ಬಿಸಿಲು ಬಂತು, ಕೊಯ್ದ, ಬಡಿದ, ಒಣಗಿಸಿದ. ಮೂವತ್ತೆಂಟು ಮೂಟೆ ಆಯಿತು.

ಸಂಘದ ನಿಯಮ ಹೀಗಿದೆ. ಬೆಳೆಗಾರ ಮೊದಲು ತಾನೇ ಮೂಟೆಗಳಿಂದ ಒಂದು ಚೀಲ ಮಾದರಿ ತೆಗೆದು ಕೊಡಬೇಕು. ಗುಮಾಸ್ತ ಹೆಸರು ತೆಗೆದು ನಂಬರು ಅಂಟಿಸುತ್ತಾನೆ. ಒಳಗಿರುವವರಿಗೆ ನಂಬರು ಮಾತ್ರ ಗೊತ್ತು. ಅಣ್ಣನಿಗೆ ಒಂದೇ ಚಿಂತೆ, ಗುಮಾಸ್ತನ ಕಿಂಡಿ ಅತ್ತಿಗೆಯ ಮೇಜಿಗೆ ನೇರ ಕಾಣುತ್ತದೆ. ತಾನು ಹೋಗಿ ಕೊಟ್ಟರೆ ಅವಳಿಗೆ ಗೊತ್ತಾಗಿಬಿಡುತ್ತದೆ, ಪಾಸಾದ ಮೇಲೆ ಗೊತ್ತಾಗಲಿ. ಹಾಗಾಗಿ ಚೀಲ ನನ್ನ ಕೈಗೆ ಬಂತು. ಶನಿವಾರ ಕಿಂಡಿ ನಾಲ್ಕಕ್ಕೆ ಮುಚ್ಚುತ್ತದೆ. ನಾನು ನಾಲ್ಕೂವರೆಗೆ ತಲುಪಿದೆ. ಚೀಲ ಹೊತ್ತುಕೊಂಡು ಮನೆಗೆ ಬಂದೆ.

ಬಂದವನು ಸುಮ್ಮನಿರಬಹುದಿತ್ತು. ಚೀಲ ಬಿಚ್ಚಿ ನೋಡಿದೆ. ಮೂರಕ್ಕೆ ಒಂದರಂತೆ ಕಾಳಿನ ಮೇಲೆ ನೇರಳೆ ಕಲೆ. ಕೆಲವಕ್ಕೆ ಚುಕ್ಕೆ, ಕೆಲವಕ್ಕೆ ಅರ್ಧ ಮೈ, ಕೆಲವು ಶಾಯಿಯಲ್ಲಿ ಬಿದ್ದು ಎದ್ದ ಹಾಗೆ. ಉಳಿದವು ಮಾತ್ರ ಚಿನ್ನದ ಗುಂಡಿನ ಹಾಗೆ ಹೊಳೆಯುತ್ತಿದ್ದವು. ಇದನ್ನು ಹೀಗೇ ಕೊಟ್ಟರೆ ಅತ್ತಿಗೆ ತಟ್ಟೆ ನೋಡಿದ ಕೂಡಲೇ ಹೊರಗೆ ಹಾಕುತ್ತಾರೆ, ಅಣ್ಣನ ಮುಖ ನೋಡುವವರು ಯಾರು ಎಂದು ನನಗೆ ಸಂಕಟವಾಯಿತು. ಅಡುಗೆಗೆ ಮುಂಚೆ ಕಲ್ಲು ಆರಿಸುವುದಿಲ್ಲವೇ, ಹಾಗೆ ಇದು ಎಂದುಕೊಂಡೆ. ಮೋಸ ಎಂಬ ಮಾತು ತಲೆಗೆ ಹೊಳೆಯಲೇ ಇಲ್ಲ. ನನ್ನ ತಲೆಗೆ ಹೊಳೆಯದ ವಿಷಯಗಳ ಪಟ್ಟಿಯಲ್ಲಿ ಇದು ಮೊದಲನೆಯದೂ ಅಲ್ಲ.

ಭಾನುವಾರ ಬೆಳಗ್ಗೆ ಹತ್ತಕ್ಕೆ ದೊಡ್ಡ ತಟ್ಟೆ ಇಟ್ಟುಕೊಂಡು ಕೂತೆ. ಹೆಂಡತಿ ಬಂದು ನೋಡಿ, ಅನ್ನದಲ್ಲಿ ಕಲ್ಲು ಕಾಣದ ಕಣ್ಣಿಗೆ ಇದೆಲ್ಲ ಹೇಗೆ ಕಾಣುತ್ತದೆ ಎಂದಳು. ಆಮೇಲೆ ಅಣ್ಣನ ವಿಷಯ ಕೇಳಿ ತಾನೂ ಕೂತಳು. ಸಂಜೆ ಐದರ ಹೊತ್ತಿಗೆ ನನ್ನ ಸೊಂಟ ಹೋಗಿತ್ತು, ಅವಳ ತಾಳ್ಮೆ ಹೋಗಿತ್ತು, ತಟ್ಟೆಯಲ್ಲಿ ಒಂದೂ ನೇರಳೆ ಕಾಳು ಇರಲಿಲ್ಲ. ಒಡೆದದ್ದು, ಸುಕ್ಕಾದದ್ದು ಕೂಡ ಅದೇ ಕೈಯಲ್ಲಿ ತೆಗೆದಿದ್ದೆವು. ಆರಿಸಿದ ನೇರಳೆ ಕಾಳುಗಳನ್ನು ಎಸೆಯಲು ಹೋದೆ. ಆಹಾರ ಪದಾರ್ಥ ಎಸೆಯಬಾರದು ಎಂದು ಅವಳು ಬಿಸ್ಕತ್ತಿನ ಡಬ್ಬಿಗೆ ಸುರಿದು ಮುಚ್ಚಿಟ್ಟಳು. ಸೋಮವಾರ, ಅತ್ತಿಗೆ ಮೇಜು ಬಿಟ್ಟು ಎದ್ದ ಹೊತ್ತು ನೋಡಿ, ಚೀಲ ಕಿಂಡಿಗೆ ಕೊಟ್ಟೆ. ಗುಮಾಸ್ತ ತೂಗಲೂ ಇಲ್ಲ, ನಂಬರು ಅಂಟಿಸಿ ಒಳಗೆ ತಳ್ಳಿದ.

ಆ ವಾರ ಒಂದು ದಿನ ಅಣ್ಣನ ಮನೆಯಲ್ಲಿ ಊಟ. ಅತ್ತಿಗೆ ಸಾಮಾನ್ಯವಾಗಿ ಕೆಲಸದ ವಿಷಯ ತೆಗೆಯುವುದಿಲ್ಲ. ಅಂದು ತೆಗೆದರು.

“ಇವತ್ತೊಂದು ಮಾದರಿ ಬಂದಿತ್ತು ನೋಡಿ. ಗ್ರೂಪ್ ಫೋಟೋಗೆ ನಿಂತವರ ಹಾಗೆ ಎಲ್ಲಾ ತಲೆ ಬಾಚ್ಕೊಂಡು ಬಂದಿದ್ವು. ಒಂದು ಒಡಕಿಲ್ಲ, ಒಂದು ಕಲೆ ಇಲ್ಲ. ಇಷ್ಟು ಮರ್ಯಾದಸ್ಥ ಕಾಳು ನಾನು ಹುಟ್ಟಿದಾಗಿಂದ ನೋಡಿಲ್ಲ.”

ಅಣ್ಣ ಯಾವುದೋ ಬೇರೆಯವರ ಮಾದರಿ ಎಂದುಕೊಂಡು, ಪುಣ್ಯವಂತರು ಎಂದು ನಿಟ್ಟುಸಿರು ಬಿಟ್ಟ. ನನಗೆ ತುತ್ತು ಗಂಟಲಿಗೆ ಸಿಕ್ಕಿತು. ನನ್ನ ಹೆಂಡತಿ ಬೆನ್ನು ತಟ್ಟುವ ನೆಪದಲ್ಲಿ ಎರಡು ಏಟು ಜಾಸ್ತಿಯೇ ಕೊಟ್ಟಳು. ನಾನಾದರೋ ಒಳಗೊಳಗೇ ಹಿಗ್ಗಿದೆ. ಮರ್ಯಾದಸ್ಥ ಎಂದರಲ್ಲ, ಇನ್ನೇನು ಪಾಸು ಎಂದುಕೊಂಡೆ.

ಹತ್ತನೆಯ ದಿನ ಚೀಟಿ ಬಂತು. ನೂರಕ್ಕೆ ಅರವತ್ತೆರಡು. ಬೀಜಕ್ಕೆ ಬಾರದು.

ಅಣ್ಣ ಚೀಟಿಯನ್ನು ಮೇಜಿನ ಮೇಲಿಟ್ಟು, ಹನ್ನೊಂದು ಗಡಿಯಾರಕ್ಕೂ ಕೀಲಿ ಕೊಡತೊಡಗಿದ. ಅವಕ್ಕೆ ಹಿಂದಿನ ದಿನವಷ್ಟೇ ಕೀಲಿ ಕೊಟ್ಟಿದ್ದ. ನಾನು ಅಲ್ಲೇ ಕೂತಿದ್ದೆ. ಮಿಲ್ಲಿನವರೂ ಎಣ್ಣೆ ಚೆನ್ನಾಗಿ ತೆಗೆಯುತ್ತಾರಂತೆ ಎಂದು ಸಮಾಧಾನಕ್ಕೆ ಹೇಳಿದೆ. ನಿಜಕ್ಕೂ ಮಿಲ್ಲಿನಲ್ಲೂ ಮರ್ಯಾದೆ ಇರಲಿಲ್ಲ. ಒಳಗೆ ಬೂಷ್ಟು ತಿಂದ ಕಾಳಿನ ಎಣ್ಣೆ ಬೇಗ ಹುಳಿಯಾಗುತ್ತದೆ, ಬಣ್ಣ ಕಪ್ಪಾಗುತ್ತದೆ ಎಂದು ಅವರೂ ಮೂಗು ಮುರಿಯುತ್ತಾರೆ.

ಸಂಜೆ ಅತ್ತಿಗೆ ಬಂದರು. ಕೈಚೀಲ ಇಳಿಸಿದರು. ಮೇಜಿನ ಮೇಲಿನ ಚೀಟಿ ನೋಡಿದರು, ಅದರ ನಂಬರು ನೋಡಿದರು. ಅಣ್ಣನ ಬೆನ್ನು ನೋಡಿದರು. ಸಂಘದ ಚೀಟಿ ತಮ್ಮ ಮನೆಯಲ್ಲಿ ಯಾಕಿದೆ ಎಂದು ಅರ್ಥವಾಗಲು ಅವರಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಮೂವತ್ತೆಂಟು ಮೂಟೆ ಅವರದೇ ಹಿತ್ತಿಲ ಕೋಣೆಯಲ್ಲಿತ್ತು. ಹಿಂದಿನ ವಾರವಷ್ಟೇ ಅದರಲ್ಲಿ ಕೈಯಾಡಿಸಿ ನೇರಳೆ ಕಲೆ ಕಂಡಿದ್ದರು.

“ಇದು ತಲೆ ಬಾಚ್ಕೊಂಡು ಬಂದ ಮಾದರಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ಬಾಚಿದ್ದು ಯಾರು, ಮೈದುನ್ರೇ?”

ಅಣ್ಣನಿಗೆ ಬಾಚುವ ಮಾತೇ ಅರ್ಥವಾಗಿರಲಿಲ್ಲ. ನಾನು ಭಾನುವಾರದ ಕಥೆಯೆಲ್ಲ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ನನ್ನದು ಎಷ್ಟು ದೊಡ್ಡ ಉಪಕಾರ ಎಂದು ತೋರಿಸಲು ಸೊಂಟ ನೋವನ್ನೂ ಸೇರಿಸಿದೆ. ಅಣ್ಣ ಕೀಲಿಕೈ ಹಿಡಿದುಕೊಂಡೇ ನನ್ನನ್ನು ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಆರಿಸಿದರೂ ಅರವತ್ತೆರಡೇ ಬಂದಿದ್ದರೆ, ಆರಿಸದಿದ್ದರೆ ಇನ್ನೆಷ್ಟು ಬರುತ್ತಿತ್ತೋ ಎಂದು ಮೆಲ್ಲಗೆ ಹೇಳಿ ಕುರ್ಚಿಯಲ್ಲಿ ಕುಸಿದ. ನನಗೂ ಅದೇ ಅನ್ನಿಸಿತ್ತು.

ಅತ್ತಿಗೆ ಮಾತ್ರ ಬೇರೇನೋ ಯೋಚಿಸುತ್ತಿದ್ದರು. ಆ ನೇರಳೆ ಕಾಳು ಎಲ್ಲಿ ಎಂದು ಕೇಳಿದರು. ಬಿಸ್ಕತ್ತಿನ ಡಬ್ಬಿ ತಂದುಕೊಟ್ಟೆ. ಅಡುಗೆಮನೆಯಲ್ಲೇ ಕೂತು ಅದರಿಂದ ನೂರು ಕಾಳು ಎಣಿಸಿ, ಒದ್ದೆ ಕಾಗದದಲ್ಲಿ ಸುತ್ತಿ, ಒಲೆಯ ಪಕ್ಕದ ಗೂಡಿನಲ್ಲಿ ನಿಲ್ಲಿಸಿದರು. ಸಂಘದ ಬೀರು ಮನೆಯ ಕೆಲಸಕ್ಕಲ್ಲ ಎಂದರು. ಎಂಟನೆಯ ದಿನ ನಮ್ಮನ್ನೆಲ್ಲ ಕರೆದು ಊಟದ ಮೇಜಿನ ಮೇಲೆ ಬಿಚ್ಚಿದರು. ತೊಂಬತ್ತೊಂದು ಮೊಳೆತಿದ್ದವು. ಕಲೆಯ ಸಿಪ್ಪೆಯನ್ನು ಹೆಗಲಿಂದ ಜಾರಿಸಿ ಬಿಳಿ ಬೇರು ಚಾಚಿಕೊಂಡು ಜಮ್ಮೆಂದು ನಿಂತಿದ್ದವು.

ಆ ದಿನ ಅತ್ತಿಗೆ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನೇರಳೆ ಕಲೆ ಮಾಡುವ ಬೂಷ್ಟು ಹೆಚ್ಚಾಗಿ ಸಿಪ್ಪೆಯಲ್ಲೇ ಇರುತ್ತದೆ. ನೋಡಲು ಕೆಟ್ಟದು, ಮೊಳಕೆಗೆ ಅಷ್ಟೇನೂ ಕೇಡಲ್ಲ. ನಿಜವಾದ ಕೇಡಿಗ ಇನ್ನೊಂದು, ಅವರು ಅದನ್ನು ಬಿಳಿ ಬೂಷ್ಟು ಎನ್ನುತ್ತಾರೆ. ಒಣಗಿದ ಕಾಯಿಯ ಮೇಲೆ ಮಳೆ ಬಿದ್ದರೆ ಅದು ಒಳಗೆ ಇಳಿದು ಕಾಳಿನ ತಿರುಳನ್ನೇ ಹಿಡಿಯುತ್ತದೆ. ಜಾಸ್ತಿಯಾದರೆ ಕಾಳು ಸುಣ್ಣದ ಹಾಗೆ ಬೆಳ್ಳಗಾಗಿ ಬಿರಿಯುತ್ತದೆ. ಕಡಿಮೆ ಇದ್ದರೆ ಹೊರಗೆ ಏನೂ ಕಾಣುವುದಿಲ್ಲ, ಚಿನ್ನದ ಗುಂಡಿನ ಹಾಗೇ ಹೊಳೆಯುತ್ತಿರುತ್ತದೆ, ಒದ್ದೆ ಕಾಗದಕ್ಕೆ ಹಾಕಿದ ಮೇಲೆ ಗುಟ್ಟು ರಟ್ಟಾಗುತ್ತದೆ. ಈ ಎರಡು ಬೂಷ್ಟಿಗೂ ಒಂದಕ್ಕೊಂದು ಆಗಿಬರುವುದಿಲ್ಲ. ನೇರಳೆ ಮೊದಲು ಬಂದು ಮನೆ ಹಿಡಿದ ಕಾಳಿಗೆ ಬಿಳಿಯದು ಬರುವುದು ಕಡಿಮೆ. ಎಲ್ಲಾ ಸಲ ಹಾಗೇ ಅಂತ ಬರೆದುಕೊಳ್ಳಬೇಡಿ ಎಂದೂ ಸೇರಿಸಿದರು.

ಅಂದರೆ ನಾನೂ ನನ್ನ ಹೆಂಡತಿಯೂ ಒಂದು ಇಡೀ ಭಾನುವಾರ ಕೂತು, ಸೊಂಟ ಕಳೆದುಕೊಂಡು, ಬದುಕುವ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿ, ಸಾಯುವವನ್ನು ಶೃಂಗಾರ ಮಾಡಿ ಪರೀಕ್ಷೆಗೆ ಕಳಿಸಿದ್ದೆವು.

“ಮಾದರಿ ಅಂದ್ರೆ ಊರಿನ ಜನಗಣತಿ ಇದ್ದ ಹಾಗೆ ಮೈದುನ್ರೇ. ನೀವು ಚೆನ್ನಾಗಿ ಕಾಣೋರನ್ನ ಮಾತ್ರ ಎಣಿಸಿದ್ದೀರಿ.”

“ಅತ್ತಿಗೆ, ಆ ಲೆಕ್ಕದಲ್ಲಿ ನಾನು ಡಬ್ಬಿಯಲ್ಲಿರ್ತಿದ್ದೆ,” ಎಂದೆ.

“ಡಬ್ಬಿಯಲ್ಲಿ ಇದ್ದವು ಮೊಳೆತವು,” ಎಂದಳು ನನ್ನ ಹೆಂಡತಿ. ಅತ್ತಿಗೆ ನಕ್ಕರು. ಅಣ್ಣ ಮಾತ್ರ ನಗದೆ, ಆ ಅರವತ್ತೆರಡರ ಜೊತೆ ಈ ತೊಂಬತ್ತೊಂದೂ ಬೆರೆತರೆ ಎಷ್ಟಾಗುತ್ತದೆ ಎಂದು ಬೆರಳಲ್ಲಿ ಲೆಕ್ಕ ಹಾಕುತ್ತಿದ್ದ.

ಬೆಳೆಗಾರನಿಗೆ ಒಂದೇ ಒಂದು ಮರುಪರೀಕ್ಷೆಗೆ ಅವಕಾಶ ಇದೆ. ಈ ಸಲ ಮಾದರಿ ತೆಗೆಯಲು ಸಂಘದವರೇ ಬರುತ್ತಾರೆ. ಅಣ್ಣ ಅರ್ಜಿ ಬರೆದ. ಚೂಪು ಕೊಳವೆ ಹಿಡಿದ ಒಬ್ಬ ಬಂದು ಮೂವತ್ತೆಂಟು ಮೂಟೆಗೂ ಚುಚ್ಚಿ ಚುಚ್ಚಿ, ಮೇಲಿಂದ ನಡುವಿಂದ ಕೆಳಗಿಂದ ಕಾಳು ತೆಗೆದು, ನಮ್ಮೆದುರೇ ಚೀಲ ಹೊಲಿದು ಮುದ್ರೆ ಒತ್ತಿದ. ನನ್ನನ್ನು ಆ ದಿನ ಹಿತ್ತಿಲ ಕೋಣೆಯಿಂದ ದೂರ ಕೂರಿಸಿದ್ದರು.

ಆ ವಾರ ಮರುಪರೀಕ್ಷೆಗೆ ಬಂದದ್ದು ಅದೊಂದೇ. ನಂಬರು ಅಂಟಿಸಿದರೂ ಯಾರದು ಎಂದು ಅತ್ತಿಗೆಗೆ ತಿಳಿಯದಿರಲು ಸಾಧ್ಯವಿಲ್ಲ. ಅವರು ಕಾರ್ಯದರ್ಶಿಯ ಹತ್ತಿರ ಹೋಗಿ ಇದು ನಮ್ಮ ಮನೆಯದು, ನಾನು ಮುಟ್ಟುವುದಿಲ್ಲ ಎಂದು ಬರೆದುಕೊಟ್ಟು ಬಂದರು. ಹಾಗಾಗಿ ಚೀಲ ಚಿಕ್ಕ ಮೇಡಂ ಪಾಲಿಗೆ ಹೋಯಿತು. ಚಿಕ್ಕ ಮೇಡಂ ಎಂದರೆ ಎರಡು ವರ್ಷದಿಂದ ಅತ್ತಿಗೆಯ ಕೈಕೆಳಗೆ ಕೆಲಸ ಕಲಿತ ಹುಡುಗಿ. ಅತ್ತಿಗೆಗಿಂತ ಒಂದು ತೂಕ ಹೆಚ್ಚು ಕಟ್ಟುನಿಟ್ಟು. ಕಲಿಸಿದವರು ಯಾರು ಎಂದು ನೆನಪಿದ್ದರೆ ಆಶ್ಚರ್ಯವಿಲ್ಲ.

ಆ ಎಂಟು ದಿನ ಅತ್ತಿಗೆ ಇದ್ದ ರೀತಿ ನಾನು ಬಲ್ಲ ಅತ್ತಿಗೆಯದಲ್ಲ. ಇಪ್ಪತ್ತೆರಡು ವರ್ಷ ಆ ಕಿಂಡಿಯ ಒಳಗೆ ಕೂತು, ಹೊರಗೆ ನಿಂತವರ ಮುಖ ಯಾಕೆ ಹಾಗಿರುತ್ತದೆ ಎಂದು ಯೋಚಿಸಿದ್ದೇ ಇಲ್ಲ, ಈಗ ಗೊತ್ತಾಯಿತು ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದರಂತೆ. ಬೀರುವಿನ ಮುಂದೆ ಹಾದು ಹೋಗುವಾಗ ಗೋಡೆಯ ಕಡೆ ಮುಖ ಮಾಡಿಕೊಂಡು ಹೋಗುತ್ತಿದ್ದರಂತೆ. ಮನೆಯಲ್ಲಿ ಅಣ್ಣ ಮಡಚಿದ ಹೊದಿಕೆಯನ್ನು ನಾಲ್ಕು ದಿನ ಹಾಗೇ ಬಿಟ್ಟಿದ್ದರು. ಅಣ್ಣ ಗಾಬರಿಯಾಗಿ ನನಗೆ ಫೋನ್ ಮಾಡಿದ, ಜ್ವರ ಏನಾದರೂ ಇರಬಹುದಾ ಎಂದು.

ಎಂಟನೆಯ ದಿನ ಚಿಕ್ಕ ಮೇಡಂ ಸುರುಳಿಗಳನ್ನು ಬಿಚ್ಚಿದಳು. ಮೊಳೆತವುಗಳಲ್ಲಿ ಎಲ್ಲವೂ ಲೆಕ್ಕಕ್ಕಿಲ್ಲ. ಬೇರು ಸೊಟ್ಟಗಾದವನ್ನು, ದಳ ಕೊಳೆತವನ್ನು ತಳ್ಳಿಬಿಡಬೇಕು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ನಿಂತವು ಕೆಲವಿರುತ್ತವೆ. ಅಂಥ ಹನ್ನೆರಡು ಸಿಕ್ಕವು. ಅವಳಿಗೆ ತೀರ್ಮಾನ ತೋಚದೆ, ಅಭ್ಯಾಸಬಲದಿಂದ ಟ್ರೇ ಎತ್ತಿಕೊಂಡು ಅತ್ತಿಗೆಯ ಮೇಜಿಗೆ ಬಂದಳು. ಇವುಗಳನ್ನು ಏನೆಂದು ಬರೆಯಲಿ ಮೇಡಂ ಎಂದಳು. ಗುಮಾಸ್ತ ಕಿಂಡಿಯಿಂದ ಕತ್ತು ಚಾಚಿ ನೋಡುತ್ತಿದ್ದ, ಈ ಭಾಗ ನಮಗೆ ತಲುಪಿದ್ದು ಅವನಿಂದ.

ಅತ್ತಿಗೆ ಟ್ರೇ ನೋಡಲಿಲ್ಲ. ಎದ್ದು ನಿಂತರು.

“ನೀನೇ ನೋಡಮ್ಮ. ನಾನು ನೋಡಿದ್ರೆ ಅದು ಮೇಡಂ ಕಣ್ಣಲ್ಲ, ಹೆಂಡತಿ ಕಣ್ಣು. ಅದಕ್ಕೆ ಎಲ್ಲಾ ಚೆನ್ನಾಗೇ ಕಾಣತ್ತೆ.”

ಹಾಗೆಂದು ಹೊರಗೆ ಹೋಗಿ ತೂಕದ ಯಂತ್ರದ ಪಕ್ಕ ಬಿಸಿಲಲ್ಲಿ ನಿಂತರು. ಚಿಕ್ಕ ಮೇಡಂ ಹನ್ನೆರಡರಲ್ಲಿ ಐದನ್ನು ಒಳಗೆ ತೆಗೆದುಕೊಂಡು ಏಳನ್ನು ಹೊರಗೆ ಹಾಕಿದಳು. ಒಟ್ಟು ಇನ್ನೂರ ಎಂಬತ್ತೆಂಟು. ನೂರಕ್ಕೆ ಎಪ್ಪತ್ತೆರಡು. ಬೀಜ.

ಅತ್ತಿಗೆ ಅಂದು ಅರ್ಧ ದಿನ ರಜೆ ಹಾಕಿ ಮನೆಗೆ ಬಂದರು. ಅವರು ರಜೆ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ನಮಗೂ ಸುದ್ದಿ ಮುಟ್ಟಿ, ಓಡಿ ಬಂದೆವು. ನಾನು ನಿರೀಕ್ಷಿಸಿದ್ದು ಅಣ್ಣನ ಮುಖದಲ್ಲಿ ಹಬ್ಬ. ಅವನು ಚೀಟಿ ಹಿಡಿದುಕೊಂಡು ಬೆಳಕಿಗೆ ಒಡ್ಡಿ, ಆ ಕಡೆ ಈ ಕಡೆ ತಿರುಗಿಸಿ, ರಿಪೇರಿಗೆ ಬಂದ ಗಡಿಯಾರ ನೋಡುವ ಹಾಗೆ ನೋಡುತ್ತಿದ್ದ.

“ಎಪ್ಪತ್ತೆರಡು ಅಂದ್ರೆ ಏನು ಗೊತ್ತಾ? ಗಡಿಯಾರ ದಿನಕ್ಕೆ ಹದಿನೇಳು ಗಂಟೆ ನಡೆದು, ಆಮೇಲೆ ಮಲಗಿದ ಹಾಗೆ. ಅಂಥ ಗಡಿಯಾರ ನಾನು ಯಾರ ಕೈಗೂ ಕೊಟ್ಟವನಲ್ಲ.”

“ರೀ, ಪಾಸಾಗಿದೆ,” ಎಂದರು ಅತ್ತಿಗೆ.

“ಇಪ್ಪತ್ತೆಂಟು ಸತ್ತಿದೆಯಲ್ಲೇ. ದುಡ್ಡು ಕೊಟ್ಟು ತಗೊಂಡವನ ಹೊಲದಲ್ಲಿ ಸಾಯತ್ತೆ. ಅವನು ನನ್ನ ಹೆಸರು ಹೇಳ್ಕೊಂಡು ಬೈತಾನೆ. ತಪ್ಪು ನಂದೇ, ಮಳೆಗೆ ಮುಂಚೆ ಕೊಯ್ಬೇಕಿತ್ತು. ಮಿಲ್ಲಿಗೆ ಹಾಕೋಣ.”

ಆಮೇಲೆ ನಡೆದದ್ದನ್ನು ನೋಡಲು ಟಿಕೆಟ್ ಇಟ್ಟಿದ್ದರೂ ದುಡ್ಡು ಕೊಡುತ್ತಿದ್ದೆ. ಇಪ್ಪತ್ತಾರು ವರ್ಷ ಅವನ ಒಂದು ಲೋಟ ಚಹಾವನ್ನೂ ಒಪ್ಪದ ಅತ್ತಿಗೆ, ಅವನ ಬೀಜದ ಪರವಾಗಿ ವಕೀಲರಾದರು. ನೂರಕ್ಕೆ ನೂರು ಮೊಳೆಯುವ ಬೀಜ ಲೋಕದಲ್ಲಿ ಎಲ್ಲಿದೆ ಎಂದರು. ಮಳೆ ಹಿಡಿದ ವರ್ಷದಲ್ಲಿ ಎಪ್ಪತ್ತೆರಡು ಎಂದರೆ ಸಣ್ಣ ವಿಷಯ ಅಲ್ಲ ಎಂದರು. ಔಷಧಿ ಪುಡಿ ಹಚ್ಚಿ ಬಿತ್ತಿದರೆ ಇನ್ನಷ್ಟು ಉಳಿಯುತ್ತವೆ ಎಂದರು. ನಿಮಗೆ ಒಂದು ವಸ್ತುವಿನಲ್ಲಿ ಒಳ್ಳೆಯದು ಕಾಣುವುದೇ ಇಲ್ಲವಲ್ಲ ಎಂದೂ ಅಂದರು. ಆ ಮಾತು ಬಂದಾಗ ನಾನೂ ನನ್ನ ಹೆಂಡತಿಯೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಣ್ಣ ಜಗ್ಗಲಿಲ್ಲ. ಗಡಿಯಾರಗಳು ನಾಲ್ಕು ಹೊಡೆದವು, ಐದು ಹೊಡೆದವು.

ಕೊನೆಗೆ ರಾಜಿ ಆದದ್ದು ಹೀಗೆ. ಮೂಟೆಗೆ ಹಾಕುವ ಸಂಘದ ಮುದ್ರಿತ ಚೀಟಿಯಲ್ಲಿ ಬೀಜ ಎಂದು ಮಾತ್ರ ಇರುತ್ತದೆ, ಅಂಕ ಇರುವುದಿಲ್ಲ. ಅಣ್ಣ ಪ್ರತಿ ಮೂಟೆಗೂ ತನ್ನ ಕೈಬರಹದ ಇನ್ನೊಂದು ಚೀಟಿ ಹಾಕುತ್ತಾನೆ. ಕಾರ್ಯದರ್ಶಿ ತಲೆ ಕೆರೆದುಕೊಂಡು, ಇಂಥದ್ದನ್ನು ಯಾರೂ ಬರೆಯುವುದಿಲ್ಲವಲ್ಲ, ಆದರೆ ಬರೆಯಬಾರದು ಎಂದೂ ನಿಯಮ ಇಲ್ಲ ಎಂದ. ಅಣ್ಣ ಮೂವತ್ತೆಂಟು ಚೀಟಿ ಬರೆದ. ನೂರಕ್ಕೆ ಎಪ್ಪತ್ತೆರಡು ಮೊಳೆಯುತ್ತದೆ, ಸ್ವಲ್ಪ ದಟ್ಟವಾಗಿ ಬಿತ್ತಿ, ಇಂತಿ ಬೆಳೆದವನು. ಅತ್ತಿಗೆ ಪಕ್ಕದಲ್ಲಿ ಕೂತು ಪ್ರತಿಯೊಂದರ ಕೆಳಗೂ ಒಂದು ಸಾಲು ಸೇರಿಸಿದರು. ನೇರಳೆ ಕಲೆ ಕಂಡು ಹೆದರಿ ಆರಿಸಬೇಡಿ, ಔಷಧಿ ಹಚ್ಚಿ. ಆರಿಸಬೇಡಿ ಎಂಬುದರ ಕೆಳಗೆ ಎರಡು ಗೆರೆ ಎಳೆದರು. ಅದು ನನಗಾಗಿ ಎಂದು ಹೆಂಡತಿ ಹೇಳಿದಳು.

ಬೀಜ ಹೋಯಿತು. ಚೀಟಿ ಓದಿ ಕೆಲವರು ನಕ್ಕರು, ಇಬ್ಬರು ಮೂಟೆ ವಾಪಸು ತಂದರು, ಆಮೇಲೆ ಬೇರೆಯವರ ಬೀಜದ ಅಂಕ ಕೇಳಿ ಯಾರೂ ಹೇಳದಿದ್ದಾಗ ಮತ್ತೆ ತೆಗೆದುಕೊಂಡು ಹೋದರು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಅಣ್ಣ ಬಿಡಬೇಕಲ್ಲ. ಬಿತ್ತನೆಯಾಗಿ ಹತ್ತು ದಿನಕ್ಕೆ ಅಳತೆಪಟ್ಟಿ ಹಿಡಿದು, ಬೀಜ ಕೊಂಡವರ ಹೊಲಗಳಿಗೆ ಮೊಳಕೆ ಎಣಿಸಲು ಹೊರಟ. ಒಬ್ಬನೇ ಎಣಿಸಿದರೆ ಲೆಕ್ಕ ತಪ್ಪುತ್ತದೆ ಎಂದು ಅತ್ತಿಗೆಯೂ ಹೊರಟರು. ಚೀಲ ಹೊರಲು ನನ್ನನ್ನು ಕರೆದರು, ಚೀಲದಲ್ಲಿ ನೀರಿನ ಬಾಟಲಿ ಮಾತ್ರ ಇತ್ತು.

ಮೂರನೆಯ ಹೊಲದಲ್ಲಿ ಅಣ್ಣ ಒಂದು ಸಾಲು ಹಿಡಿದು ಆ ತುದಿಯಿಂದ ಬರುತ್ತಿದ್ದ, ಅತ್ತಿಗೆ ಪಕ್ಕದ ಸಾಲಿನಲ್ಲಿ ಈ ತುದಿಯಿಂದ. ಇಬ್ಬರೂ ಕುಕ್ಕರಗಾಲಲ್ಲಿ, ತುಟಿ ಅಲ್ಲಾಡಿಸುತ್ತಾ. ಎಳೆ ಮೊಳಕೆಗಳು ಮಣ್ಣು ಸೀಳಿಕೊಂಡು ಎರಡೆರಡು ದಳ ಬಿಚ್ಚಿದ್ದವು. ನಡುನಡುವೆ ಖಾಲಿ ಜಾಗ ಇತ್ತು, ಆದರೆ ದಟ್ಟವಾಗಿ ಬಿತ್ತಿದ್ದರಿಂದ ಸಾಲು ತುಂಬ ವಿರಳವಾಗಿ ಕಾಣುತ್ತಿರಲಿಲ್ಲ. ಹೊಲದ ಯಜಮಾನ ಎಲ್ಲಿದ್ದನೋ, ತನ್ನ ಹೊಲದಲ್ಲಿ ಅಪರಿಚಿತರು ತೆವಳುತ್ತಿರುವುದನ್ನು ಕಂಡು ಬದುವಿನ ಮೇಲೆ ದಡದಡ ಬಂದ. ಯಾರಮ್ಮ ನೀವು, ಏನು ಹುಡುಕುತ್ತಿದ್ದೀರಿ ಎಂದು ಕೇಳಿದ.

ಅತ್ತಿಗೆ ಬೆರಳನ್ನು ಮೊಳಕೆಯ ಮೇಲಿಟ್ಟುಕೊಂಡೇ, ಎಣಿಕೆ ತಪ್ಪದ ಹಾಗೆ, ತಲೆ ಮಾತ್ರ ಎತ್ತಿದರು. ಇಪ್ಪತ್ತೆರಡು ವರ್ಷದಲ್ಲಿ ಯಾವ ಕಾಳಿಗೂ ಯಾರ ಹೆಸರನ್ನೂ ಸೇರಿಸಿ ಮಾತಾಡದವರು ಸಹಜವಾಗಿ ಹೇಳಿದರು:

“ನಮ್ಮ ಯಜಮಾನ್ರು ಬೆಳೆದ ಬೀಜ. ಚೆನ್ನಾಗಿ ಬಂದಿದೆ, ನೋಡಿ ಹೋಗೋಣ ಅಂತ ಬಂದ್ವಿ.”

ಆ ತುದಿಯಲ್ಲಿ ಅಣ್ಣನ ತುಟಿ ನಿಂತಿತು. ಎಣಿಕೆ ತಪ್ಪಿತ್ತು. ಆಮೇಲೆ ಎದ್ದು, ಮಂಡಿಯ ಮಣ್ಣು ಕೊಡವಿಕೊಂಡು, ಸಾಲಿನ ಮೊದಲಿಗೆ ಹೋಗಿ ಒಂದರಿಂದ ಶುರುಮಾಡಿದ.